ದೂರದ ಓಟದಲ್ಲಿ ನೀರು: ಕೈಯಲ್ಲೋ, ಸೊಂಟದಲ್ಲೋ, ಹೆಗಲಿನಲ್ಲೋ?

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಓಡುವಾಗ ನೀರನ್ನು ಹೇಗೆ ಒಯ್ಯಬೇಕು ಎಂಬುದನ್ನೇ ಕೇಳಿವೆ. ಬೇಸಿಗೆ ಹತ್ತಿರವಾಗುತ್ತಿರುವುದರಿಂದ ಇಡೀ ಅಂಕಣವನ್ನು ಈ ವಿಷಯಕ್ಕೇ ಬಿಟ್ಟುಕೊಟ್ಟಿದ್ದೇನೆ. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದ ಕಡೆ ಒಂದು ಪತ್ರವನ್ನು ಮಾತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ, ತೂಕ 64 ಕಿಲೋ. ಎರಡು ಅರ್ಧ ಮ್ಯಾರಥಾನ್ ಮುಗಿಸಿ ಈಗ ಪೂರ್ಣ ಮ್ಯಾರಥಾನ್‌ಗೆ ಅಭ್ಯಾಸ ಮಾಡುತ್ತಿದ್ದೇನೆ. ಭಾನುವಾರ ಬೆಳಗ್ಗೆ ಐದು ಗಂಟೆಗೆ ಕೊಟ್ಟಾರ ಚೌಕಿಯಿಂದ ಹೊರಟು ಕೂಳೂರು, ಪಣಂಬೂರು, ಬೈಕಂಪಾಡಿ ದಾಟಿ ಸುರತ್ಕಲ್ ಮುಟ್ಟಿ ಹಿಂದಿರುಗುತ್ತೇನೆ. ಸುಮಾರು 24 ಕಿ.ಮೀ. ಆಗುತ್ತದೆ. ಕಿಲೋಮೀಟರಿಗೆ ಏಳು ನಿಮಿಷ ಬೇಕಾಗುತ್ತದೆ. ಕೈಯಲ್ಲಿ ಹಿಡಿದ ಅರ್ಧ ಲೀಟರಿನ ಬಾಟಲಿ ಹೋಗುವ ದಾರಿಯಲ್ಲೇ ಖಾಲಿಯಾಗುತ್ತದೆ. ಅಂಗಡಿಯಲ್ಲಿ ಸೊಂಟದ ಬೆಲ್ಟ್, ಹೈಡ್ರೇಶನ್ ವೆಸ್ಟ್ (ನೀರಿನ ಬಾಟಲಿ ಇಡಲು ಜೇಬುಗಳಿರುವ, ಹೆಗಲಿಗೆ ಹಾಕುವ ತೋಳಿಲ್ಲದ ಅಂಗಿಯಂಥದ್ದು), ಬೆನ್ನಿಗೆ ಹಾಕುವ ನೀರಿನ ಚೀಲ ಮೂರನ್ನೂ ತೋರಿಸಿದರು. ಯಾವುದನ್ನು ಕೊಳ್ಳಲಿ?
— ಓದುಗರೊಬ್ಬರು, ಕೊಟ್ಟಾರ, ಮಂಗಳೂರು

ಉತ್ತರ: ಹಣ ಕೊಡುವ ಮೊದಲು ಎರಡು ಸಂಗತಿಗಳನ್ನು ತಿಳಿದುಕೊಳ್ಳಿ. ಒಂದು ಗಂಟೆ ಓಡಿದರೆ ನಿಮ್ಮ ಮೈಯಿಂದ ಎಷ್ಟು ಬೆವರು ಹೋಗುತ್ತದೆ ಎಂಬುದು ಮೊದಲನೆಯದು. ನೀವು ಓಡುವ ದಾರಿಯಲ್ಲಿ, ನೀವು ಓಡುವ ಹೊತ್ತಿನಲ್ಲಿ, ಎಲ್ಲೆಲ್ಲಿ ನೀರು ಸಿಗುತ್ತದೆ ಎಂಬುದು ಎರಡನೆಯದು. ಇವೆರಡಕ್ಕೂ ಉತ್ತರ ಸಿಕ್ಕಿದರೆ ಯಾವ ಸಾಧನ ಬೇಕು ಎಂಬುದು ತಾನಾಗಿಯೇ ಗೊತ್ತಾಗುತ್ತದೆ.

ಬೆವರಿನ ಅಳತೆಗೆ ಮನೆಯ ತೂಕದ ಯಂತ್ರ ಸಾಕು. ಬೆಳಗ್ಗೆ ಶೌಚ ಮುಗಿಸಿ, ಬಟ್ಟೆಯಿಲ್ಲದೆ ತೂಕ ನೋಡಿ ಬರೆದಿಟ್ಟುಕೊಳ್ಳಿ. ಎಂದಿನ ವೇಗದಲ್ಲಿ ಸರಿಯಾಗಿ ಒಂದು ಗಂಟೆ ಓಡಿ ಬಂದು, ಮೈಯನ್ನು ಚೆನ್ನಾಗಿ ಒರೆಸಿಕೊಂಡು, ಮತ್ತೆ ಹಾಗೆಯೇ ತೂಕ ನೋಡಿ. ಬಟ್ಟೆ ತೆಗೆಯಲೇಬೇಕು, ನಮ್ಮೂರಿನಲ್ಲಿ ಓಡಿ ಬಂದವರ ಬನಿಯನ್ನನ್ನು ಹಿಂಡಿದರೆ ಬಚ್ಚಲಿನಲ್ಲಿ ನೀರು ಹರಿಯುತ್ತದೆ, ಆ ನೀರನ್ನೂ ಸೇರಿಸಿ ತೂಗಿದರೆ ಲೆಕ್ಕ ತಪ್ಪುತ್ತದೆ. ಕಡಿಮೆಯಾದ ತೂಕಕ್ಕೆ ಓಡುವಾಗ ಕುಡಿದ ನೀರನ್ನು ಕೂಡಿಸಿದರೆ ಒಂದು ಗಂಟೆಯ ಬೆವರು ತಿಳಿಯುತ್ತದೆ. ಒಂದು ಕಿಲೋ ಎಂದರೆ ಹೆಚ್ಚುಕಡಿಮೆ ಒಂದು ಲೀಟರ್.

ನಿಮ್ಮ ತೂಕವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ಹೊರಡುವಾಗ 64 ಕಿಲೋ ಇದ್ದದ್ದು ಹಿಂದಿರುಗಿದಾಗ 62.9 ಆಗಿದೆ, ನಡುವೆ 300 ಮಿ.ಲೀ. ಕುಡಿದಿದ್ದೀರಿ ಎಂದುಕೊಳ್ಳಿ. ಅಲ್ಲಿಗೆ ಗಂಟೆಗೆ 1.4 ಲೀಟರ್ ಬೆವರು ಹೋಯಿತು. ನಿಮ್ಮ 24 ಕಿ.ಮೀ.ಗೆ ಹೆಚ್ಚುಕಡಿಮೆ ಎರಡು ಮುಕ್ಕಾಲು ಗಂಟೆ ಬೇಕಾಗುವುದರಿಂದ ಒಟ್ಟು ಬೆವರು ನಾಲ್ಕು ಲೀಟರಿನ ಹತ್ತಿರ ಬರುತ್ತದೆ. ಇದಿಷ್ಟನ್ನೂ ಓಡುತ್ತಲೇ ಕುಡಿದು ತುಂಬಿಸಬೇಕಾಗಿಲ್ಲ. ದೇಹದ ತೂಕದ ಶೇ. 2ರಷ್ಟು, ಎಂದರೆ ನಿಮ್ಮ ಮಟ್ಟಿಗೆ 1.3 ಕಿಲೋದಷ್ಟು, ಕಡಿಮೆಯಾದರೆ ಹೆಚ್ಚಿನವರು ತಡೆದುಕೊಳ್ಳುತ್ತಾರೆ. ಉಳಿದ ಎರಡೂವರೆ ಲೀಟರನ್ನು ಕುಡಿಯಬೇಕೆಂದರೆ ಗಂಟೆಗೆ 900 ಮಿ.ಲೀ. ಆಯಿತು. ಓಡುತ್ತಿರುವ ಹೊಟ್ಟೆ ಅಷ್ಟನ್ನು ಸುಲಭವಾಗಿ ಒಪ್ಪುವುದಿಲ್ಲ. ಅನೇಕರಿಗೆ ಗಂಟೆಗೆ 600ರಿಂದ 800 ಮಿ.ಲೀ. ದಾಟಿದರೆ ಹೊಟ್ಟೆಯಲ್ಲಿ ನೀರು ಕುಲುಕಾಡಲು ತೊಡಗುತ್ತದೆ. ಆದ್ದರಿಂದ ನಿಮ್ಮ ಓಟಕ್ಕೆ ಎರಡು ಲೀಟರ್ ನೀರು ಬೇಕೆಂದು ಇಟ್ಟುಕೊಳ್ಳಿ. ಅದಕ್ಕೂ ಬೆವರಿಗೂ ನಡುವೆ ಉಳಿಯುವ ಅಂತರವನ್ನು ಯಾವ ಬೆಲ್ಟೂ ಯಾವ ವೆಸ್ಟೂ ತುಂಬಲಾರದು. ಏಪ್ರಿಲ್, ಮೇ ತಿಂಗಳುಗಳಲ್ಲಿ ವೇಗವನ್ನು ತಗ್ಗಿಸಿ, ಇಲ್ಲವೇ ದೂರವನ್ನು ಕಡಿಮೆ ಮಾಡಿಯೇ ಅದನ್ನು ಸರಿದೂಗಿಸಿಕೊಳ್ಳಬೇಕು. ತೂಕದ ಪರೀಕ್ಷೆಯನ್ನು ಡಿಸೆಂಬರ್‌ನಲ್ಲಿ ಒಮ್ಮೆ, ಏಪ್ರಿಲ್‌ನಲ್ಲಿ ಒಮ್ಮೆ ಮಾಡಿದರೆ ಎರಡು ಅಂಕಿಗಳ ನಡುವಿನ ವ್ಯತ್ಯಾಸ ನಿಮಗೇ ಕಾಣುತ್ತದೆ.

ನಮ್ಮ ಕರಾವಳಿಯಲ್ಲಿ ಈ ಲೆಕ್ಕ ಒಳನಾಡಿಗಿಂತ ಬಿಗಿಯಾಗುವುದಕ್ಕೆ ಕಾರಣ ಗಾಳಿಯ ತೇವ. ಬೆವರು ಸುರಿಯುವುದರಿಂದ ಮೈ ತಂಪಾಗುವುದಿಲ್ಲ, ಅದು ಆರಿದಾಗ ತಂಪಾಗುತ್ತದೆ. ಬೆಳಗಿನ ಜಾವದಲ್ಲಿ ಬಿಸಿಲು ಇಲ್ಲದಿದ್ದರೂ ತೇವ ಅತಿ ಹೆಚ್ಚಾಗಿರುವುದು ಆ ಹೊತ್ತಿನಲ್ಲೇ. ಬೆವರು ಆರದೆ ಮೊಣಕೈಯಿಂದ ತೊಟ್ಟಿಕ್ಕುತ್ತದೆ, ಶೂ ಒಳಗೆ ಇಳಿದು ಪಚಪಚ ಎನ್ನುತ್ತದೆ. ಮೈ ತಣಿಯದ ಕಾರಣ ದೇಹ ಇನ್ನಷ್ಟು ಬೆವರನ್ನು ಹೊರಹಾಕುತ್ತದೆ. ಬೆಂಗಳೂರಿನಲ್ಲಿ ಅರ್ಧ ಲೀಟರ್ ಸಾಕಾಗಿದ್ದವರಿಗೆ ಇಲ್ಲಿ ಅದು ಸಾಲದೆ ಹೋಗುವುದು ಇದೇ ಕಾರಣಕ್ಕೆ.

ಇನ್ನು ದಾರಿ. ಹೆದ್ದಾರಿಯಲ್ಲಿ ನೀರಿಗೇನು ಬರ ಎಂದು ತೋರಬಹುದು. ಆದರೆ ಬೆಳಗ್ಗೆ ಐದೂವರೆಗೆ, ಅದರಲ್ಲೂ ಭಾನುವಾರ, ತೆರೆದಿರುವ ಬಾಗಿಲುಗಳು ಕಡಿಮೆ. ಕೆಲವು ವರ್ಷಗಳ ಹಿಂದೆ ನಾನೂ ಇದೇ ದಾರಿಯಲ್ಲಿ, ಎಂದೂ ಬೇಗ ತೆರೆಯುತ್ತಿದ್ದ ಒಂದು ಸಣ್ಣ ಹೋಟೆಲನ್ನು ನಂಬಿ ಒಂದೇ ಬಾಟಲಿ ಹಿಡಿದು ಹೊರಟಿದ್ದೆ. ಆ ದಿನ ಅದರ ಬಾಗಿಲು ಮುಚ್ಚಿತ್ತು. ಬಂದರಿನ ಲಾರಿಗಳ ಧೂಳಿನಲ್ಲಿ ಮತ್ತೆ ನಾಲ್ಕು ಕಿಲೋಮೀಟರು ಒಣ ಬಾಯಿಯಲ್ಲಿ ಓಡಿದ ಮೇಲೆ ಒಂದು ಪೆಟ್ರೋಲ್ ಬಂಕ್‌ನ ನಲ್ಲಿಗೆ ಬಾಯಿಯೊಡ್ಡಿದೆ. ಅಂದಿನಿಂದ ಅಂಗಡಿಗಳನ್ನು ನೆಚ್ಚದೆ ಬಂಕ್‌ಗಳನ್ನು ಗುರುತು ಹಾಕಿಕೊಳ್ಳುತ್ತೇನೆ. ಗ್ರಾಹಕರಿಗೆ ಕುಡಿಯುವ ನೀರನ್ನು ಉಚಿತವಾಗಿ ಒದಗಿಸಬೇಕಾದ್ದು ಬಂಕ್‌ಗಳ ಕರ್ತವ್ಯಗಳಲ್ಲಿ ಒಂದು. ಕೇಳಿದರೆ ಓಡುವವರಿಗೂ ಇಲ್ಲವೆನ್ನುವುದಿಲ್ಲ. ಒಂದು ದಿನ ಬೈಕಿನಲ್ಲಿ ಅದೇ ಹೊತ್ತಿಗೆ ಸುರತ್ಕಲ್‌ವರೆಗೆ ಹೋಗಿ, ನೀರು ಎಲ್ಲೆಲ್ಲಿ ಸಿಗುತ್ತದೆ ಎಂದು ನೋಡಿಕೊಂಡು ಬನ್ನಿ.

ಈಗ ಸಾಧನಗಳಿಗೆ ಬರೋಣ. ಕೈಬಾಟಲಿ ಒಂದು ಗಂಟೆಯ, ಹೆಚ್ಚೆಂದರೆ ಒಂದೂಕಾಲು ಗಂಟೆಯ ಓಟಕ್ಕೆ ಒಳ್ಳೆಯದು. ಕೈಗೆ ಪಟ್ಟಿ ಇರುವ ಬಾಟಲಿಯನ್ನೇ ಆರಿಸಿ, ಏಕೆಂದರೆ ಪಟ್ಟಿಯಿಲ್ಲದ ಬಾಟಲಿಯನ್ನು ಬೆವರಿದ ಬೆರಳುಗಳು ತಮಗೆ ಅರಿವಿಲ್ಲದೆ ಅದುಮುತ್ತವೆ. ಮುಷ್ಟಿ ಬಿಗಿದರೆ ಮೊಣಕೈ ಬಿಗಿಯುತ್ತದೆ, ಅಲ್ಲಿಂದ ಹೆಗಲು, ಕತ್ತು. ಎರಡು ಮೂರು ಕಿಲೋಮೀಟರಿಗೊಮ್ಮೆ ಕೈ ಬದಲಿಸಬೇಕು. ನಿಮ್ಮ 24 ಕಿ.ಮೀ.ಗೆ ಇದು ಸಾಲದು ಎಂಬುದನ್ನು ನೀವೇ ಕಂಡುಕೊಂಡಿದ್ದೀರಿ.

ಸೊಂಟದ ಬೆಲ್ಟ್ ಬಗ್ಗೆ ನನಗೆ ಅಷ್ಟಾಗಿ ಒಲವಿಲ್ಲ. ಕಾಲು ಲೀಟರಿನ ಎರಡು ಪುಟ್ಟ ಬಾಟಲಿಗಳಿರುವ ಬೆಲ್ಟ್ ಒಣ ಹವೆಯಲ್ಲಿ ಚೆನ್ನಾಗಿಯೇ ನಿಲ್ಲುತ್ತದೆ. ಇಲ್ಲಿ ಅರ್ಧ ಗಂಟೆಯೊಳಗೆ ಅಂಗಿಯೂ ಬೆಲ್ಟೂ ಒದ್ದೆಯಾಗಿ ಅದು ಜಾರತೊಡಗುತ್ತದೆ, ಜಾರದಂತೆ ಬಿಗಿದರೆ ಹೊಟ್ಟೆಯನ್ನು ಒತ್ತುತ್ತದೆ. ಉಪ್ಪು ಕೂತ ಪಟ್ಟಿ ಸೊಂಟದ ಚರ್ಮವನ್ನು ಉಜ್ಜಿ, ಸ್ನಾನಕ್ಕೆ ನಿಂತಾಗ ಉರಿ ಏಳುತ್ತದೆ. ಹೆಗಲಿನ ಮೇಲೆ ಏನನ್ನೂ ಸಹಿಸಲಾಗದವರು ಮಾತ್ರ ಇದನ್ನು ಆರಿಸಲಿ, ಹೊಟ್ಟೆಯ ಮೇಲೆ ಕಟ್ಟದೆ ಸೊಂಟದ ಮೂಳೆಗಳ ಮೇಲೆ ಕೂರುವಂತೆ ಕಟ್ಟಲಿ.

ನಿಮಗೆ ನಾನು ಹೇಳುವುದು ವೆಸ್ಟ್. ಅದರಲ್ಲೂ ಎದೆಯ ಎರಡು ಬದಿಗೆ ಅರ್ಧ ಅರ್ಧ ಲೀಟರಿನ ಸಾಫ್ಟ್ ಫ್ಲಾಸ್ಕ್ ಇಡುವಂಥದ್ದು. ಈ ಮೆತ್ತನೆಯ ಬಾಟಲಿ ಕುಡಿದಂತೆಲ್ಲ ಕುಗ್ಗುವುದರಿಂದ ಒಳಗೆ ಗಾಳಿ ಸೇರಿ ನೀರು ಕುಲುಕುವುದಿಲ್ಲ. ಎಷ್ಟು ಕುಡಿದೆ, ಎಷ್ಟು ಉಳಿದಿದೆ ಎಂಬುದು ಕಣ್ಣೆದುರೇ ಕಾಣುತ್ತದೆ. ಬಂಕ್‌ನಲ್ಲಿ ತುಂಬಿಸಿಕೊಳ್ಳಲು ಅರ್ಧ ನಿಮಿಷ ಸಾಕು. ಕೊಟ್ಟಾರದಿಂದ ಒಂದು ಲೀಟರ್ ಹೊತ್ತು ಹೊರಡಿ, ಸುರತ್ಕಲ್‌ನಲ್ಲಿ ಮತ್ತೆ ಒಂದು ಲೀಟರ್ ತುಂಬಿಸಿ. ನಿಮ್ಮ ಎರಡು ಲೀಟರ್ ಆಯಿತು, ಹೆಗಲಿನ ಮೇಲೆ ಯಾವ ಹೊತ್ತಿನಲ್ಲೂ ಒಂದು ಕಿಲೋಗಿಂತ ಹೆಚ್ಚು ನೀರು ಇರುವುದಿಲ್ಲ. ಎರಡು ಫ್ಲಾಸ್ಕ್‌ಗಳಿಂದ ಸರದಿಯಂತೆ ಕುಡಿಯಿರಿ, ಒಂದನ್ನೇ ಬರಿದು ಮಾಡಿದರೆ ವೆಸ್ಟ್ ಒಂದು ಬದಿಗೆ ವಾಲಿ ಹೆಗಲನ್ನು ಎಳೆಯುತ್ತದೆ.

ಬೆನ್ನಿನ ಚೀಲದ ಹಿಂದೆ ಒಂದು ಸ್ವಾರಸ್ಯದ ಕಥೆಯಿದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಬಿರುಬಿಸಿಲಿನಲ್ಲಿ ನಡೆಯುವ ನೂರು ಮೈಲಿಯ ಸೈಕಲ್ ಸವಾರಿಗೆ, ತುರ್ತು ವೈದ್ಯಕೀಯ ಸಿಬ್ಬಂದಿಯಾಗಿದ್ದ ಮೈಕೆಲ್ ಐಡ್ಸನ್ ಎಂಬವರು ಡ್ರಿಪ್ ಹಾಕುವ ಚೀಲಕ್ಕೆ ನೀರು ತುಂಬಿ, ಅದನ್ನು ಕಾಲುಚೀಲದೊಳಗೆ ಇಟ್ಟು, ಅಂಗಿಯ ಬೆನ್ನಿಗೆ ಹೊಲಿದುಕೊಂಡು ನಳಿಗೆಯಿಂದ ಕುಡಿಯುತ್ತಾ ಹೋದರು. 1989ರಲ್ಲಿ ಕ್ಯಾಮೆಲ್‌ಬ್ಯಾಕ್ ಎಂಬ ಕಂಪನಿ ಹುಟ್ಟಿದ್ದು ಹೀಗೆ. ಎರಡು ಲೀಟರ್ ಒಟ್ಟಿಗೆ ಬೇಕಾದ, ನಡುವೆ ನೀರೇ ಸಿಗದ ದಾರಿಗೆ ಅದು ನಿಜಕ್ಕೂ ಉಪಕಾರಿ. ಕುದುರೆಮುಖದ ಬೆಟ್ಟದ ಹಾದಿಗೆ ನಾನೂ ಅದನ್ನೇ ಒಯ್ಯುತ್ತೇನೆ. ಆದರೆ ಕರಾವಳಿಯ ರಸ್ತೆಯಲ್ಲಿ ಅದು ಬೆನ್ನನ್ನು ಪೂರ್ತಿ ಮುಚ್ಚಿ ಇರುವ ಸ್ವಲ್ಪ ಗಾಳಿಯನ್ನೂ ತಡೆಯುತ್ತದೆ, ಎಷ್ಟು ಉಳಿದಿದೆ ಎಂಬುದು ತಿಳಿಯುವುದಿಲ್ಲ, ಮಳೆಗಾಲದಲ್ಲಿ ಅದನ್ನು ಒಣಗಿಸುವುದೇ ಒಂದು ಕೆಲಸವಾಗುತ್ತದೆ.

ಸ್ಪರ್ಧೆಯ ದಿನ ಇಷ್ಟೆಲ್ಲ ಬೇಡ. ವ್ಯವಸ್ಥಿತವಾದ ರಸ್ತೆ ಓಟಗಳಲ್ಲಿ ಸಾಮಾನ್ಯವಾಗಿ 5 ಕಿ.ಮೀ.ಗೊಂದು, ಕೆಲವೆಡೆ ಅದಕ್ಕಿಂತ ಹತ್ತಿರಕ್ಕೇ, ನೀರಿನ ಮೇಜು ಇರುತ್ತದೆ. ಸಂಘಟಕರು ಕಳುಹಿಸುವ ದಾರಿಯ ನಕ್ಷೆಯಲ್ಲಿ ಮೇಜುಗಳ ಜಾಗ ನೋಡಿಕೊಂಡು, ಕಾಲು ಲೀಟರಿನ ಒಂದು ಫ್ಲಾಸ್ಕ್ ಮಾತ್ರ ಇಟ್ಟುಕೊಂಡರೆ ನಡುವಿನ ಬಾಯಾರಿಕೆಗೆ ಸಾಕಾಗುತ್ತದೆ.

ಪ್ರಶ್ನೆ: ನಾನು ಉಡುಪಿಯ ಗೃಹಿಣಿ, ವಯಸ್ಸು 41. ಮಲ್ಪೆಯಿಂದ ಪಡುಕೆರೆ ಮೂಲಕ ಮಟ್ಟುವಿನವರೆಗೆ ಹೋಗಿ ಬರುತ್ತೇನೆ. ಆ ದಾರಿಯಲ್ಲಿ ಅಂಗಡಿಗಳು ಕಡಿಮೆಯಾದ್ದರಿಂದ ವೆಸ್ಟ್ ಕೊಂಡೆ. ಮುಂದಿನ ಬಾಟಲಿಗಳು ಎದೆಯನ್ನು ಒತ್ತುತ್ತವೆ, ಕಂಕುಳಿನ ಬಳಿ ಉಜ್ಜಿ ಗಾಯವಾಗುತ್ತದೆ. ಸಡಿಲ ಮಾಡಿದರೆ ಕುಣಿಯುತ್ತದೆ. ಹೆಂಗಸರಿಗೆ ಇದು ಆಗಿಬರುವುದಿಲ್ಲವೇ?
— ಓದುಗರೊಬ್ಬರು, ಉಡುಪಿ

ಉತ್ತರ: ಖಂಡಿತ ಆಗಿಬರುತ್ತದೆ, ನಿಮ್ಮ ಮೈಗೆ ಸರಿಹೊಂದದ ಅಳತೆಯ ವೆಸ್ಟ್ ನಿಮಗೆ ಸಿಕ್ಕಿದೆ. ಅಂಗಿಯ ಅಳತೆ ಹೇಳಿ ವೆಸ್ಟ್ ಕೊಳ್ಳಬಾರದು. ಓಡುವಾಗ ಹಾಕಿಕೊಳ್ಳುವ ಸ್ಪೋರ್ಟ್ಸ್ ಬ್ರಾ ಧರಿಸಿಯೇ ಎದೆಯ ಸುತ್ತಳತೆಯನ್ನು ಟೇಪಿನಿಂದ ಅಳೆದು, ಆ ತಯಾರಕರು ಕೊಟ್ಟಿರುವ ಅಳತೆಯ ಪಟ್ಟಿಯೊಡನೆ ಹೋಲಿಸಬೇಕು. ಹೆಂಗಸರಿಗೆಂದೇ ಹೊಲಿದ ವೆಸ್ಟ್‌ಗಳಲ್ಲಿ ಎದೆಪಟ್ಟಿಗಳನ್ನು ಮೇಲೆ ಕೆಳಗೆ ಸರಿಸಬಹುದು. ಒಂದು ಪಟ್ಟಿ ಎದೆಯ ಮೇಲ್ಭಾಗದಲ್ಲಿ, ಇನ್ನೊಂದು ಎದೆಯ ಕೆಳಗೆ ಬರುವಂತೆ ಹೊಂದಿಸಿದರೆ ನಡುವೆ ಒತ್ತಡ ಬೀಳುವುದಿಲ್ಲ. ಅರ್ಧ ಲೀಟರಿನ ಫ್ಲಾಸ್ಕ್‌ಗಳಿಗೆ ಬದಲಾಗಿ ಕಾಲು ಲೀಟರಿನವನ್ನು ಮುಂದೆ ಇಟ್ಟು, ಉಳಿದ ಅರ್ಧ ಲೀಟರನ್ನು ಬೆನ್ನಿನ ಜೇಬಿನಲ್ಲಿ ಇಟ್ಟು ನೋಡಿ. ಬೆನ್ನಿನದನ್ನು ಮಟ್ಟುವಿನಲ್ಲಿ ನಿಂತಾಗ ಮುಂದಿನ ಫ್ಲಾಸ್ಕ್‌ಗಳಿಗೆ ಸುರಿದುಕೊಳ್ಳಬಹುದು.

ಕೊಳ್ಳುವಾಗ ಖಾಲಿ ವೆಸ್ಟ್ ಹಾಕಿ ಕನ್ನಡಿ ನೋಡಿದರೆ ಏನೂ ತಿಳಿಯುವುದಿಲ್ಲ. ಫ್ಲಾಸ್ಕ್‌ಗಳಿಗೆ ನೀರು ತುಂಬಿಸಿ ಕೊಡುವಂತೆ ಕೇಳಿ, ಅಂಗಡಿಯೊಳಗೇ ನಿಂತಲ್ಲಿ ಹತ್ತು ಬಾರಿ ಜಿಗಿದು ನೋಡಿ. ಸಂಕೋಚ ಬೇಡ, ಸಾವಿರಾರು ರೂಪಾಯಿ ಕೊಡುವವರಿಗೆ ಆ ಹಕ್ಕಿದೆ. ನೀರು ತುಂಬಿದಾಗ ಸರಿಯಾಗಿ ಕೂತ ವೆಸ್ಟ್ ಕುಡಿದಂತೆಲ್ಲ ಸಡಿಲವಾಗುತ್ತದೆ, ಆದ್ದರಿಂದ ಓಟದ ನಡುವೆ ಒಂದೆರಡು ಬಾರಿ ಪಟ್ಟಿ ಎಳೆದು ಬಿಗಿಮಾಡುವುದು ರೂಢಿಯಾಗಬೇಕು. ನೀವು ಸಡಿಲ ಮಾಡಿದಾಗ ಕುಣಿಯಿತು ಎಂದಿರುವುದರಿಂದ ಅದು ನಿಮಗೆ ಒಂದು ಅಳತೆ ದೊಡ್ಡದಿರಬಹುದು ಎಂಬ ಅನುಮಾನ ನನಗಿದೆ. ಕಂಕುಳಿನ ಗಾಯಕ್ಕೆ ತೋಳಿಲ್ಲದ ಬನಿಯನ್ ಬಿಟ್ಟು ತೋಳಿರುವ, ಹತ್ತಿಯಲ್ಲದ ತೆಳು ಅಂಗಿಯ ಮೇಲೆ ವೆಸ್ಟ್ ಹಾಕಿ. ಉಜ್ಜುವ ಜಾಗಕ್ಕೆ ತೆಂಗಿನೆಣ್ಣೆ ಹಚ್ಚುವವರಿದ್ದಾರೆ, ಆದರೆ ನಮ್ಮ ಬೆವರಿಗೆ ಅದು ಬೇಗ ಕರಗಿ ಹೋಗುತ್ತದೆ. ವ್ಯಾಸಲಿನ್ ಹೆಚ್ಚು ಹೊತ್ತು ನಿಲ್ಲುತ್ತದೆ.

ನಿಮ್ಮ ದಾರಿಯ ಬಗ್ಗೆ ಒಂದು ಮಾತು. ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ, ನಡುವೆ ಕಿರಿದಾದ ನೆಲ. ಓಡುವುದಕ್ಕೆ ಅಷ್ಟು ಚೆಲುವಾದ ಜಾಗ ನಮ್ಮ ಜಿಲ್ಲೆಗಳಲ್ಲಿ ಬೇರೆಲ್ಲಿದೆಯೋ ತಿಳಿಯದು. ಸುತ್ತಲೂ ನೀರಿದ್ದರೂ ಕುಡಿಯುವ ನೀರಿಗೆ ಮನೆಗಳನ್ನೇ ಕೇಳಬೇಕು. ಒಮ್ಮೆ ಅಲ್ಲಿ ಬಲೆ ಹರವಿದ್ದ ಅಂಗಳವೊಂದರ ಮುಂದೆ ನಿಂತು ನೀರು ಕೇಳಿದೆ. ಅಜ್ಜಿಯೊಬ್ಬರು ನನ್ನ ಫ್ಲಾಸ್ಕನ್ನು ತಿರುಗಿಸಿ ನೋಡಿ ಕೆಳಗಿಟ್ಟು, ಮೊದಲು ಒಂದು ತುಂಡು ಬೆಲ್ಲ ಮತ್ತು ಚೆಂಬಿನಲ್ಲಿ ನೀರು ತಂದುಕೊಟ್ಟರು, ಕೂತು ಕುಡಿಯುವಂತೆ ಹೇಳಿದರು, ಆಮೇಲೆ ಫ್ಲಾಸ್ಕ್ ತುಂಬಿಸಿದರು. ನಮ್ಮ ಕಡೆ ಬಿಸಿಲಿನಲ್ಲಿ ಬಂದವರಿಗೆ ಬೆಲ್ಲ ನೀರು ಕೊಡುವ ಪದ್ಧತಿಯ ಬೆಲೆ ನನಗೆ ಹದಿನಾರು ಕಿಲೋಮೀಟರು ಓಡಿದ್ದ ಕಾಲುಗಳಲ್ಲಿ ಗೊತ್ತಾಯಿತು. ನೀವೂ ಆ ದಾರಿಯ ಎರಡು ಮನೆಯವರ ಪರಿಚಯ ಮಾಡಿಕೊಂಡಿರಿ. ನೀರಿಗೂ ಆಯಿತು, ಒಬ್ಬರೇ ಓಡುವಾಗ ನೀವು ಎಲ್ಲಿದ್ದೀರೆಂದು ತಿಳಿದವರೂ ಇದ್ದಂತಾಯಿತು.

ಪ್ರಶ್ನೆ: ವಯಸ್ಸು 58, ಬಿ.ಪಿ.ಗೆ ಮಾತ್ರೆ ತೆಗೆದುಕೊಳ್ಳುತ್ತೇನೆ. ನಿಧಾನವಾಗಿ ಓಡಿ, ನಡೆದು ನಾಲ್ಕು ಗಂಟೆಯಷ್ಟು ರಸ್ತೆಯಲ್ಲಿರುತ್ತೇನೆ. ಬಾಯಾರಿಕೆಯಾಗುವ ಮೊದಲೇ ಸಾಧ್ಯವಾದಷ್ಟು ನೀರು ಕುಡಿಯಬೇಕೆಂದು ಜೊತೆಯವರು ಹೇಳುತ್ತಾರೆ. ಬಾಟಲಿಗೆ ಬರೀ ನೀರು ಹಾಕಲೇ, ಬೊಂಡದ ನೀರೋ, ಪುನರ್ಪುಳಿಯೋ, ಗಂಜಿತಿಳಿಯೋ?
— ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ಸಾಧ್ಯವಾದಷ್ಟು ಕುಡಿಯಿರಿ ಎಂಬ ಮಾತನ್ನು ದಯವಿಟ್ಟು ಪಾಲಿಸಬೇಡಿ. ಅದು ಹಳೆಯ ಸಲಹೆ, ಅದರಿಂದ ಪ್ರಾಣಕ್ಕೆ ಕುತ್ತು ಬಂದದ್ದಿದೆ. ಬೆವರಿಗಿಂತ ಹೆಚ್ಚು ನೀರು ಹೊಟ್ಟೆ ಸೇರಿದರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ಇದನ್ನು ಹೈಪೋನೇಟ್ರಿಮಿಯಾ ಎನ್ನುತ್ತಾರೆ. 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ಓಟ ಮುಗಿಸಿದ 488 ಮಂದಿಯ ರಕ್ತವನ್ನು ಪರೀಕ್ಷಿಸಿದಾಗ ಶೇ. 13ರಷ್ಟು ಮಂದಿಯಲ್ಲಿ ಸೋಡಿಯಂ ಇರಬೇಕಾದ್ದಕ್ಕಿಂತ ಕೆಳಗಿತ್ತು. 2005ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ, ಓಟದ ಹೊತ್ತಿನಲ್ಲಿ ತೂಕ ಹೆಚ್ಚಿಸಿಕೊಂಡವರಿಗೂ ನಾಲ್ಕು ಗಂಟೆಗಿಂತ ಹೆಚ್ಚು ಸಮಯ ತೆಗೆದುಕೊಂಡವರಿಗೂ ಅಪಾಯ ಹೆಚ್ಚಾಗಿತ್ತು. ನಿಧಾನವಾಗಿ ಓಡುವವರ ಬೆವರು ಕಡಿಮೆ, ಕುಡಿಯಲು ಸಿಗುವ ಸಮಯ ಹೆಚ್ಚು. ನೀವು ಆ ಗುಂಪಿನವರು. ಬಾಯಾರಿದಾಗ ಕುಡಿಯಿರಿ, ಎರಡು ಮೂರು ಗುಟುಕು ಕುಡಿದು ನಿಲ್ಲಿಸಿ. ಓಟ ಮುಗಿದಾಗ ತೂಕ ಹೊರಟಾಗಿನದಕ್ಕಿಂತ ಜಾಸ್ತಿಯಾಗಿದ್ದರೆ ಅತಿಯಾಗಿ ಕುಡಿದಿದ್ದೀರಿ ಎಂದೇ ಅರ್ಥ. ಬೆರಳುಗಳು ಊದಿ ಉಂಗುರ ಬಿಗಿಯಾಗುವುದು, ತಲೆನೋವು, ವಾಕರಿಕೆ, ಮಾತಿನಲ್ಲಿ ಗೊಂದಲ ಕಂಡರೆ ಇನ್ನಷ್ಟು ನೀರು ಕುಡಿಸದೆ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಜೊತೆಯವರಿಗೆ ತಿಳಿಸಿಡಿ. ಮಂಡಿನೋವಿಗೆಂದು ಐಬುಪ್ರೊಫೆನ್‌ನಂಥ ಮಾತ್ರೆ ನುಂಗಿ ಓಡುವುದೂ ಈ ಅಪಾಯವನ್ನು ಹೆಚ್ಚಿಸುತ್ತದೆ.

ಬಿ.ಪಿ.ಯ ಕೆಲವು ಮಾತ್ರೆಗಳು ಮೂತ್ರ ಹೆಚ್ಚಿಸಿ ಉಪ್ಪನ್ನೂ ನೀರನ್ನೂ ಹೊರಹಾಕುವಂಥವು. ನಿಮ್ಮದು ಅಂಥದ್ದೇ, ಉಪ್ಪು ಬೆರೆಸಿದ ಪಾನೀಯ ನಿಮಗೆ ಆಗಬಹುದೇ, ಎಷ್ಟು ಆಗಬಹುದು ಎಂಬುದನ್ನು ನಿಮ್ಮ ವೈದ್ಯರೇ ಹೇಳಬೇಕು. ನಾಲ್ಕು ಗಂಟೆಯ ಓಟವೆಂದು ಅವರಿಗೆ ಸ್ಪಷ್ಟವಾಗಿ ತಿಳಿಸಿ. ವಾಕಿಂಗ್ ಎಂದಷ್ಟೇ ಹೇಳಿದರೆ ಉತ್ತರವೂ ವಾಕಿಂಗ್‌ಗೆ ತಕ್ಕುದೇ ಆಗಿರುತ್ತದೆ.

ಉಳಿದ ಓದುಗರಿಗೆ ಪಾನೀಯಗಳ ವಿಷಯ. ಒಂದು ಗಂಟೆಯವರೆಗೆ ಬರೀ ನೀರು ಸಾಕು. ಅದನ್ನು ಮೀರಿದರೆ ಎರಡು ಫ್ಲಾಸ್ಕ್‌ಗಳಲ್ಲಿ ಒಂದಕ್ಕೆ ನೀರು, ಇನ್ನೊಂದಕ್ಕೆ ಉಪ್ಪು ಸಕ್ಕರೆ ಇರುವ ಪಾನೀಯ ತುಂಬಿಸುವುದು ನನ್ನ ರೂಢಿ. ಔಷಧದ ಅಂಗಡಿಯ ಓಆರ್‌ಎಸ್ ಪುಡಿ ಅಗ್ಗವಾದದ್ದು, ನಂಬಿಕೆಗೆ ಅರ್ಹವಾದದ್ದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲೂಕೋಸ್, ಜೊತೆಗೆ ಪೊಟ್ಯಾಸಿಯಂ ಮತ್ತು ಸಿಟ್ರೇಟ್ ಲವಣಗಳಿರುತ್ತವೆ. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೇ ಬೆರೆಸಿ, ಫ್ಲಾಸ್ಕ್ ಚಿಕ್ಕದೆಂದು ನೀರನ್ನು ಕಡಿಮೆ ಮಾಡಬೇಡಿ. ಮನೆಯಲ್ಲೇ ಮಾಡುವುದಾದರೆ ಒಂದು ಲೀಟರಿಗೆ ಅರ್ಧ ಟೀಚಮಚ ಉಪ್ಪು, ಆರು ಟೀಚಮಚ ಸಕ್ಕರೆ, ಎರಡೂ ಮಟ್ಟಸವಾಗಿ ತೆಗೆದದ್ದು.

ಬೊಂಡದ ನೀರಿನಲ್ಲಿ ಪೊಟ್ಯಾಸಿಯಂ ಹೇರಳ, ಸೋಡಿಯಂ ಕಡಿಮೆ. ಬೆವರಿನಲ್ಲಿ ಹೆಚ್ಚಾಗಿ ಹೋಗುವುದು ಸೋಡಿಯಂ. ಅಲ್ಲದೆ ಬಾಟಲಿಯಲ್ಲಿ ಮೈಯ ಬಿಸಿಗೆ ಅದು ಬೇಗ ಹುಳಿಯುತ್ತದೆ. ಓಟ ಮುಗಿಸಿ, ಕೆತ್ತಿಸಿ ಅಲ್ಲೇ ಕುಡಿಯುವುದು ಅದಕ್ಕೆ ತಕ್ಕ ರೀತಿ. ಪುನರ್ಪುಳಿ ಶರಬತ್ತನ್ನು ತೆಳುವಾಗಿ, ಚಿಟಿಕೆ ಉಪ್ಪು ಹಾಕಿ ಒಯ್ಯಬಹುದು, ಬಾಯಿಗೂ ಹಿತ. ಆದರೆ ಬರಿಹೊಟ್ಟೆಯಲ್ಲಿ ಅದರ ಹುಳಿ ಎಲ್ಲರಿಗೂ ಒಗ್ಗುವುದಿಲ್ಲ, ಫ್ಲಾಸ್ಕ್‌ನಲ್ಲಿ ಅದರ ಕೆಂಪು ಬಣ್ಣ ಉಳಿದುಬಿಡುತ್ತದೆ. ಗಂಜಿತಿಳಿಯ ಬಗ್ಗೆ ನನಗೆ ವಿಶೇಷ ಅಕ್ಕರೆ. ಕುಚ್ಚಲಕ್ಕಿ ಗಂಜಿಯ ತಿಳಿಗೆ ಉಪ್ಪು ಹಾಕಿ ಹೊರಡುವ ಒಂದು ಗಂಟೆ ಮೊದಲು ಒಂದು ಲೋಟ ಕುಡಿದರೆ ನೀರು, ಉಪ್ಪು, ಪಿಷ್ಟ ಮೂರೂ ಒಟ್ಟಿಗೆ ಸಿಗುತ್ತವೆ. ಅದನ್ನು ಫ್ಲಾಸ್ಕ್‌ಗೆ ಮಾತ್ರ ಹಾಕಬೇಡಿ. ಆರಿದಂತೆ ಗಟ್ಟಿಯಾಗಿ ಬಾಯಿಯ ಕವಾಟದಲ್ಲಿ ಕಟ್ಟಿಕೊಳ್ಳುತ್ತದೆ, ಎಷ್ಟು ಚೀಪಿದರೂ ಬರುವುದಿಲ್ಲ.

ಪ್ರಶ್ನೆ: ಬೆನ್ನಿನ ನೀರಿನ ಚೀಲದ ನಳಿಗೆಯೊಳಗೆ ಕಪ್ಪು ಚುಕ್ಕೆಗಳು ಬಂದಿವೆ, ನೀರು ಮುಗ್ಗಲು ವಾಸನೆ. ತೊಳೆದು ಬಳಸಬಹುದೇ?
— ವಿದ್ಯಾರ್ಥಿ, ಮಣಿಪಾಲ

ಉತ್ತರ: ಅದು ಬೂಷ್ಟು. ವರ್ಷಕ್ಕೆ 3,500 ಮಿ.ಮೀ.ಗೂ ಹೆಚ್ಚು ಮಳೆ ಬೀಳುವ ನಮ್ಮ ಕಡೆ ಗೋಡೆಯೇ ಬೂಷ್ಟು ಹಿಡಿಯುವಾಗ, ಸಿಹಿ ಪಾನೀಯದ ಅಂಶ ಉಳಿದ ನಳಿಗೆಯಲ್ಲಿ ಅದು ಬೆಳೆಯಲು ಕೆಲವೇ ದಿನ ಸಾಕು. ಚೀಲವನ್ನು ಉಳಿಸಿಕೊಳ್ಳಬಹುದು: ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಬೆರೆಸಿ ತುಂಬಿ, ನಳಿಗೆಯಲ್ಲೂ ಹರಿಯಬಿಟ್ಟು, ಅರ್ಧ ಗಂಟೆ ಬಿಟ್ಟು, ಉದ್ದ ಹಿಡಿಕೆಯ ಬ್ರಷ್‌ನಿಂದ ಮೂಲೆಗಳನ್ನು ಉಜ್ಜಿ, ವಾಸನೆ ಹೋಗುವವರೆಗೆ ತೊಳೆಯಿರಿ. ಕಚ್ಚಿ ಕುಡಿಯುವ ಕವಾಟವನ್ನು ಕಳಚಿ ಬೇರೆಯಾಗಿ ತೊಳೆಯಬೇಕು, ಬೂಷ್ಟು ಮೊದಲು ಕೂರುವುದು ಅದರ ಸೀಳಿನಲ್ಲಿ. ನಳಿಗೆಯ ಕಪ್ಪು ಚುಕ್ಕೆ ಬ್ರಷ್‌ಗೆ ಹೋಗದಿದ್ದರೆ ನಳಿಗೆಯನ್ನಷ್ಟೇ ಹೊಸದಾಗಿ ತಂದು ಹಾಕಿ, ಅದು ಬಿಡಿಯಾಗಿ ಸಿಗುತ್ತದೆ.

ಮುಂದೆ ಹೀಗಾಗದಂತೆ, ಚೀಲಕ್ಕೆ ಬರೀ ನೀರನ್ನೇ ತುಂಬಿ. ಉಪ್ಪು ಸಕ್ಕರೆಯ ಪಾನೀಯಕ್ಕೆ ಬೇರೆ ಫ್ಲಾಸ್ಕ್ ಇರಲಿ. ಓಡಿ ಬಂದ ಕೂಡಲೇ, ಸ್ನಾನಕ್ಕೂ ಮೊದಲು, ತೊಳೆದುಬಿಡಿ. ನಳಿಗೆಯ ಒಂದು ತುದಿ ಹಿಡಿದು ಜೋರಾಗಿ ಬೀಸಿದರೆ ಒಳಗಿನ ಹನಿಗಳು ಹೊರಬೀಳುತ್ತವೆ. ಚೀಲದ ಬಾಯಿ ಮುಚ್ಚಿಕೊಳ್ಳದಂತೆ ಒಳಗೆ ಮರದ ಸೌಟು ಇಟ್ಟು, ಫ್ಯಾನಿನ ಕೆಳಗೆ ತಲೆಕೆಳಗಾಗಿ ನೇತುಹಾಕಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಫ್ಯಾನಿಗೂ ಅದು ಒಣಗುವುದಿಲ್ಲ. ಆ ನಾಲ್ಕು ತಿಂಗಳು ನಾನು ಚೀಲವನ್ನೂ ನಳಿಗೆಯನ್ನೂ ನೀರು ಬಸಿದು, ಶುಚಿಯಾದ ಪ್ಲಾಸ್ಟಿಕ್ ಲಕೋಟೆಯಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡುತ್ತೇನೆ, ಅಲ್ಲಿ ಬೂಷ್ಟು ಬೆಳೆಯುವುದಿಲ್ಲ. ನಿಮ್ಮ ಹಾಸ್ಟೆಲಿನಲ್ಲಿ ಫ್ರೀಜರ್ ಇಲ್ಲದಿದ್ದರೆ ಮಳೆಗಾಲ ಮುಗಿಯುವವರೆಗೆ ಬಾಯಿ ಅಗಲವಾದ ಎರಡು ಸಾಫ್ಟ್ ಫ್ಲಾಸ್ಕ್‌ಗಳಲ್ಲಿ ಕೆಲಸ ಸಾಗಿಸಿ. ಅವುಗಳೊಳಗೆ ಕೈಬೆರಳು ಹಾಕಿ ಒರೆಸಬಹುದು.